ರಾಚಪ್ಪನ ಬುಟ್ಟಿಯ ಹೊಳೆಯುವ ಕಾಯಿ

ಬಸಂತರಾಯನ ತೋಟದ ನಿಂಬೆಕಾಯಿ ಹೊಳೆಯುತ್ತಿದ್ದವು. ಶ್ರೀಶೈಲನ ತೋಟದವಕ್ಕೆ ಮೈತುಂಬ ಕಜ್ಜಿ. ಎರಡು ತೋಟಗಳಿಗೂ ನಡುವೆ ಒಂದೇ ಬೇಲಿ, ಎರಡಕ್ಕೂ ಬಸಂತರಾಯನ ಬೋರಿನದೇ ನೀರು. ಶ್ರೀಶೈಲನ ಹೊಟ್ಟೆ ಉರಿಯಲು ಇಷ್ಟು ಸಾಲದೆಂಬಂತೆ, ತೊಂಬತ್ತೆಂಟರಲ್ಲಿ ಬಸಂತರಾಯ ನಿಂಬೆ ಬೆಳೆಗಾರರ ಸಂಘದ ಅಧ್ಯಕ್ಷಗಿರಿಗೂ ನಿಂತ. ಎದುರಾಳಿ ರಾಚಪ್ಪ.

ಇಂಡಿ ಪಟ್ಟಣದ ಮಗ್ಗುಲಿನ ಆ ಊರಿನ ಸಂಘದಲ್ಲಿ ಮತಚೀಟಿ ಹಾಕುವ ಪದ್ಧತಿ ಇರಲಿಲ್ಲ. ಇಪ್ಪತ್ತೊಂದು ಮಂದಿ ಸದಸ್ಯರೂ ತಮ್ಮ ಗಿಡದ ಒಂದೊಂದು ಕಾಯಿ ತಂದು, ಒಬ್ಬೊಬ್ಬರಾಗಿ ಒಳಕೋಣೆಗೆ ಹೋಗಿ, ಮೆಚ್ಚಿದವನ ಬುಟ್ಟಿಗೆ ಹಾಕಿ ಬರಬೇಕು.

ಚುನಾವಣೆಯ ದಿನ ಮುಂಜಾನೆ ಶ್ರೀಶೈಲ ಚಾಂದಸಾಬನ ಚಹಾದಂಗಡಿಯಲ್ಲಿ ಕುಳಿತು ಅಭಿಪ್ರಾಯ ಕೊಟ್ಟ. “ರಾಚಪ್ಪ ಮಾರಿ ಮ್ಯಾಲಿನ ನೊಣಾ ಹೊಡಕೊಳ್ಳಾಕೂ ಹೆಂಡ್ತಿನ್ನ ಕೇಳಾಂವ. ಬಸಂತರಾಯಂದಂತೂ ಕೇಳಬ್ಯಾಡ. ಕಾಯಿಗೆ ಎಣ್ಣಿ ಹಚ್ಚಿ ಒರಸ್ತಾನ ಅಂತೇನಿ ನಾ!”

“ಹಂಗಾರ ಯಾರಿಗೆ ಹಾಕಾಂವ ನೀ?” ಎಂದು ಚಾಂದಸಾಬ ಕೇಳಿದ.

“ರಾಚಪ್ಪಗ! ಬಸಂತರಾಯ ಕುರ್ಚಿ ಮ್ಯಾಲ ಕುಂತಿದ್ದು ನೋಡೂದ್ಕಿಂತ ಅದ ಚೊಲೊ.”

ಚಾಂದಸಾಬ ನಕ್ಕ. “ನಿನ್ನ ಕಜ್ಜಿಕಾಯಿ ಊರಿಗೆಲ್ಲಾ ಗುರ್ತ ಐತಿ. ರಾಚಪ್ಪನ ಬುಟ್ಟ್ಯಾಗ ಅದು ಕಂಡ್ರ ಸಂಜಿಗೇ ನಿನ್ನ ನೀರು ಬಂದ್ ನೋಡಪಾ.”

ಶ್ರೀಶೈಲ ಅರ್ಧ ಚಹಾ ಬಿಟ್ಟು ಎದ್ದ. ನೀರು ಹೋದರೆ ತೋಟವೇ ಹೋದಂತೆ. ಚಿಂತಿಸುತ್ತ ತೋಟಕ್ಕೆ ಬಂದವನಿಗೆ ಬೇಲಿಯಾಚೆ ಬಸಂತರಾಯನ ಕಾಯಿ ಕಂಡವು. ಅವನ ಕಾಯಿಯನ್ನೇ ಹಾಕಿದರೆ ಹಾಕಿದವನು ಯಾರೆಂದು ಯಾರಿಗೆ ತಿಳಿಯಬೇಕು?

“ಶಿವನೇ, ಒಂದ ಕಾಯಿ. ಒಂದೀಟು ಕಣ್ಣು ಮುಚ್ಚಿಕೊ,” ಎಂದು ಬೇಲಿ ನುಸುಳಿದ. ಕಾಯಿ ಕೈಗೆ ಸಿಕ್ಕಿತು, ಧೋತರ ಮುಳ್ಳಿಗೆ ಸಿಕ್ಕಿತು. ಅಷ್ಟರಲ್ಲಿ ನಾಯಿಯೂ ಬೊಗಳಿತು. ಮೈಯೆಲ್ಲ ಪರಚಿಕೊಂಡು, ಹರಿದ ಧೋತರ ಹಿಡಿದುಕೊಂಡು ಮನೆ ಸೇರಿದಾಗ ಹೆಂಡತಿ ರುಕ್ಮವ್ವ, “ಯಾವ ಬೆಕ್ಕಿನ ಕೂಡ ಜಗಳಾಡಿ ಬಂದ್ರಿ?” ಎಂದಳು.

ಮಧ್ಯಾಹ್ನ ಎಲ್ಲರೂ ಸಾಲಾಗಿ ಒಳಗೆ ಹೋಗಿ ಬಂದರು. ಕಟ್ಟಕಡೆಗೆ ಬಸಂತರಾಯನೂ ಹೋಗಿ ಬಂದ. ಹಿರಿಯ ಗೈಬುಸಾಬ ಬುಟ್ಟಿಗಳನ್ನು ಸುರಿದು ಎಣಿಸಿದ. ಬಸಂತರಾಯನಿಗೆ ಒಂಬತ್ತು, ರಾಚಪ್ಪನಿಗೆ ಹನ್ನೊಂದು. ಶ್ರೀಶೈಲನ ಮುಖ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

“ಒಂದು ಕಡಿಮಿ ಬಂತಲ್ಲ. ಶ್ರೀಶೈಲಾ, ನಿನ್ನ ಕಜ್ಜಿಕಾಯಿ ಎಲ್ಲೆಪಾ?” ಎಂದ ಗೈಬುಸಾಬ.

“ನಾ ಯಾರಿಗೂ ಹಾಕಲಿಲ್ಲ ಕಾಕಾ. ಇಬ್ಬರೂ ನನಗ ಬೇಕಾದವ್ರು.”

ಗೈಬುಸಾಬ ತಲೆಯಾಡಿಸಿ ರಾಚಪ್ಪನ ರಾಶಿಯತ್ತ ತಿರುಗಿದವನು ಬೆಚ್ಚಿದ. “ಯಾ ಅಲ್ಲಾ! ಈ ಹೊಳಿಯೂ ಕಾಯಿ ಬಸಂತರಾಯನ ಗಿಡದ್ದು! ತನ್ನ ಎದುರು ನಿಂತಾಂವಗ ಹಾಕ್ಯಾನ!”

ಬಸಂತರಾಯ ಏನೋ ಹೇಳಲು ಬಾಯಿ ತೆರೆದ. ರಾಚಪ್ಪ ಬಿಡಲಿಲ್ಲ, ಓಡಿ ಬಂದು ತಬ್ಬಿಕೊಂಡ. “ಅಣ್ಣಾ, ನಾನೂ ನನಗ ಹಾಕ್ಕೊಂಡೆ, ನೀನೂ ನನಗ ಹಾಕಿದಿ! ಇಂಥಾ ದೊಡ್ಡ ಮನಸಿನಾಂವ ಇರೂಮುಂದ ಕುರ್ಚಿ ನನಗ್ಯಾಕ? ನೀನ ಅಧ್ಯಕ್ಷ!”

ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು.

ಹಾರ ಹಾಕುವ ಗದ್ದಲದ ನಡುವೆ ಬಸಂತರಾಯ ಶ್ರೀಶೈಲನನ್ನು ಕಂಬದ ಮರೆಗೆ ಕರೆದ. ಒಂದು ಕಿಸೆಯಿಂದ ಹೊಳೆಯುವ ಕಾಯಿ ತೆಗೆದ. “ನನಗ ನಾನ ಹಾಕ್ಕೊಳ್ಳಾಕ ನಾಚಿಕಿ ಬಂತು, ಹಂಗ ತಿರುಗಿ ತಂದೆ. ನಂದು ಇಲ್ಲೇ ಐತಿ. ಮತ್ತ ಅದ್ಯಾರದು?” ಇನ್ನೊಂದು ಕಿಸೆಯಿಂದ ಧೋತರದ ಚೂರು ಹೊರಬಂತು.

“ನೀರು…” ಎಂದು ಶ್ರೀಶೈಲ ತೊದಲಿದ.

“ನೀರು ಬಿಡ್ತೇನಿ. ಆದ್ರ ನನ್ನ ದೊಡ್ಡ ಮನಸಿನ ಮ್ಯಾಲ ಭಾಷಣ ಆಗಬೇಕಂತಾರ ಮಂದಿ. ನಾನ ಹೇಳ್ಕೊಂಡ್ರ ಚಂದ ಅಲ್ಲ. ನೀ ಹೇಳು. ಇವತ್ತಷ್ಟ ಅಲ್ಲ, ವರ್ಷಾ ವರ್ಷಾ ಹೇಳು.”

ಶ್ರೀಶೈಲ ಮಂದಿಯ ಮುಂದೆ ನಿಂತು ಹೇಳಿದ. ಬಸಂತರಾಯನ ಮನಸ್ಸು ಎಷ್ಟು ದೊಡ್ಡದೆಂದು ಹೇಳಿದ, ಅವನ ಕಾಯಿ ಯಾಕೆ ಹೊಳೆಯುತ್ತವೆಂದೂ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

“ನೋಡ್ರಿ,” ಎಂದು ರಾಚಪ್ಪ ಮಗ್ಗುಲಿನವನಿಗೆ ಹೇಳಿದ, “ಬಸಂತರಾಯಣ್ಣ ಅಂದ್ರ ಇವಗ ಎಷ್ಟು ಜೀವ!”