ಹಲ್ಲು ಬೆಳಗಿತು, ಕಾಫಿ ಆರಿತು

ಮಾನ್ಯ ಲೇಸರ್ ಯಂತ್ರ ಮಹಾಶಯರೇ,

ಅಮ್ಮಾನ್ ನಗರದ ದಂತವೈದ್ಯೆ ಡಾ. ಲಮೀಸ್ ಅವರ ತಂಪು ಕೋಣೆಯಲ್ಲಿ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಸಾಲ್ಟ್ ಊರಿನ ನಿವೃತ್ತ ಭೂಗೋಳದ ಮೇಷ್ಟ್ರು ಶಿಬ್ಲಿ ಮಾಡುವ ಅನಂತ ಸಲಾಮುಗಳು. ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ಇರದೆ ಏನು, ತಮಗೇನು ಮದುವೆಯ ವಯಸ್ಸಿಗೆ ಬಂದ ಅಣ್ಣನ ಮಗನಿದ್ದಾನೆಯೇ?

ನನಗಿದ್ದಾನೆ, ಹೆಸರು ಗೈಸ್. ಅವನು ಮೆಚ್ಚಿದ ರುದೈನಾಳನ್ನು ಕೇಳಲು ನಮ್ಮ ಕಡೆಯ ಗಂಡಸರು ಹೊರಡುವಾಗ ಮುಂದಾಳಾಗಿ ಆರಿಸಿದ್ದು ನನ್ನನ್ನು. ಅತ್ತಿಗೆ ನನ್ನ ಮುಖ ನೋಡಿ, "ಆ ಹಳದಿ ಹಲ್ಲಿಟ್ಕೊಂಡು ಹೆಣ್ಣು ಕೇಳೋಕೆ ಹೋಗ್ತೀಯಾ ಶಿಬ್ಲಿ? ನೀ ಬಾಯಿ ಬಿಟ್ರೆ ಅವ್ರು ಬಾಗಿಲು ಹಾಕ್ಕೋತಾರೆ" ಎಂದಳು. ಆದ್ದರಿಂದ ತಮ್ಮ ಮೊರೆಹೊಕ್ಕೆ.

ತಮ್ಮ ಮಹಿಮೆಯನ್ನು ಎಷ್ಟು ಹೊಗಳಲಿ! ಲೇಪ ಹಚ್ಚಿದ ಹಲ್ಲಿನತ್ತ ತಾವು ನೀಲಿ ಕಣ್ಣು ಬಿಟ್ಟದ್ದೇ ತಡ, ಸಿಗರೇಟು ಮತ್ತು ಚಹಾ ಕೂಡಿ ಜೀವಮಾನವಿಡೀ ಕಟ್ಟಿದ ಬಣ್ಣ ಕಾಲಿಗೆ ಬುದ್ಧಿ ಹೇಳಿತು. ದುಡಿಯುವುದೆಲ್ಲ ಲೇಪವೇ, ತಾವು ಬರೀ ಜಂಬಕ್ಕೆ ಮೇಲೆ ನಿಂತಿರುತ್ತೀರಿ ಎನ್ನುವ ಹೊಟ್ಟೆಕಿಚ್ಚಿನವರೂ ಇದ್ದಾರೆ. ಹೆಣ್ಣು ಕೇಳಲು ಹೋಗುವ ಮುಂದಾಳಿನ ಕೆಲಸವೂ ಅಷ್ಟೇ ಆದ್ದರಿಂದ ನನಗೆ ತಮ್ಮ ಮೇಲೆ ಗೌರವವೇ ಹೆಚ್ಚಿತು. ಹೊರಡುವಾಗ ಡಾಕ್ಟರು, "ಎರಡು ದಿನ ಕಾಫಿ ಮುಟ್ಬೇಡಿ ಮೇಷ್ಟ್ರೇ, ಬಣ್ಣ ಹಿಡ್ಕೊಂಡ್ಬಿಡುತ್ತೆ" ಎಂದರು. ಹೆಣ್ಣು ಕೇಳುವುದು ಮರುದಿನವೇ ಇತ್ತು.

ನಮ್ಮಲ್ಲಿ ಮುಂದಾಳು ಎದುರಿಗಿಟ್ಟ ಕಾಫಿಯನ್ನು ಮುಟ್ಟದೆ ಕೂತು ಹೆಣ್ಣು ಕೇಳುತ್ತಾನೆ. ಕೊಟ್ಟೆವು ಎಂದಮೇಲೆ ಕುಡಿಯುತ್ತಾನೆ. ಕುಡಿದರಷ್ಟೇ ಸಂಬಂಧ ಕುದುರಿದಂತೆ. ಇದನ್ನು ತಮಗೆ ಯಾರೂ ಹೇಳಿರಲಾರರು, ಆದರೆ ನಾನು ಇದನ್ನು ನೋಡುತ್ತಲೇ ಬೆಳೆದವನು. ರುದೈನಾಳ ತಂದೆ, "ಕುಡೀರಿ ಮೇಷ್ಟ್ರೇ, ಹುಡುಗಿ ನಿಮ್ಮೋಳೇ" ಎಂದಾಗ ನಾನು ಬಟ್ಟಲೆತ್ತಿ, ತಮ್ಮನ್ನು ನೆನೆದು, ಹಾಗೆಯೇ ಕೆಳಗಿಟ್ಟು, ತಾವು ದಯಪಾಲಿಸಿದ ಹಲ್ಲನ್ನೆಲ್ಲ ತೋರಿಸಿ ನಕ್ಕೆ. ಎಲ್ಲರೂ ಆ ಬಟ್ಟಲನ್ನೇ ದುರುಗುಟ್ಟಿ ನೋಡಿದರು. ಗಾಬರಿಯಾಗಿ ತಮ್ಮ ಚಿಕಿತ್ಸೆಯ ವಿಷಯ ಬಿಡಿಸಿ ಹೇಳಿದೆ. ಗಾಯಕ್ಕೆ ಉಪ್ಪು ಸುರಿದಂತಾಯಿತು. "ನನ್ ಮಗಳಿಗಿಂತ ನಿನ್ ಹಲ್ಲು ಹೆಚ್ಚಾಯ್ತೇನಯ್ಯಾ? ಏಳು ಮೇಲೆ!" ಎಂದ ಆ ಮನುಷ್ಯ. ಗೈಸ್ ತಲೆ ತಗ್ಗಿಸಿಕೊಂಡು ಎದ್ದ. ಆಗ ನನಗಾದ ನಾಚಿಕೆಯನ್ನು ಬಿಳುಪಾಗಿಸುವ ಲೇಪ ತಮ್ಮ ಬಳಿಯೂ ಇರಲಿಕ್ಕಿಲ್ಲ.

ಆದ್ದರಿಂದ ಮಾನ್ಯರೇ, ತಾವು ಖುದ್ದಾಗಿ ಆ ಮನೆಗೆ ದಯಮಾಡಿಸಿ, ಆರಿಹೋದ ಆ ಕಾಫಿಯನ್ನು ನನ್ನ ಪರವಾಗಿ ಕುಡಿದುಬರಬೇಕು. ಅದಾಗದಿದ್ದರೆ ನನ್ನ ಹಳೆಯ ಹಳದಿಯನ್ನೂ ಅದರೊಂದಿಗೆ ಆ ಸಂಜೆಯನ್ನೂ ಹಿಂದಿರುಗಿಸಬೇಕೆಂದು ವಿನಂತಿ. ತಮಗೆ ಸಾಧ್ಯವಾಗದ್ದು ಯಾವುದೂ ಇಲ್ಲವೆಂದು ತಮ್ಮ ಕೋಣೆಯ ಗೋಡೆಯ ಮೇಲೆಯೇ ಬರೆದಿದೆ.

ತಮ್ಮ ಬೆಳಕಿಗೆ ಮರುಳಾದ, ತಮ್ಮ ವಿಶ್ವಾಸಿ,
ಶಿಬ್ಲಿ

ತಾ.ಕ.: ನಿನ್ನೆ ರುದೈನಾಳನ್ನು ಕೇಳಲು ಬೇರೆ ಮನೆಯವರು ಹೋಗಿದ್ದರಂತೆ. ಅವರ ಮುಂದಾಳಿಗೆ ಇರುವುದು ಮೂರೇ ಹಲ್ಲು, ಮೂರೂ ಕಪ್ಪು. ಒಂದೇ ಗುಟುಕಿಗೆ ಕುಡಿದನಂತೆ.