ನಮ್ಮ ಟಿಲ್ಲರ್ ಒಕ್ಕೂಟದ ವಿದೇಶಾಂಗ ನೀತಿ

ಲೋಕದ ದೊಡ್ಡ ವಿಚಾರಗಳು ತಿಳಿಯಬೇಕಾದರೆ ಓದಿರಬೇಕು ಅನ್ನುವವರನ್ನು ನಾನು ನಂಬುವುದಿಲ್ಲ. ಡೀಸೆಲ್ ಹಾಕಿಸುವ ಅಭ್ಯಾಸ ಇದ್ದರೆ ಸಾಕು. ಏಳನೇ ಕ್ಲಾಸಿಗೇ ಶಾಲೆಯ ಋಣ ಹರಿದುಕೊಂಡ ನನಗೆ ಭೂಪಟದಲ್ಲಿ ಸೌದಿ ಅರೇಬಿಯಾವನ್ನು ಥಟ್ಟನೆ ತೋರಿಸಲು ಬರುವುದಿಲ್ಲ. ಆದರೆ ಅಲ್ಲಿಯ ಎಣ್ಣೆ ಮಂತ್ರಿಯ ಮೂಗು ತುರಿಸಿದರೆ ಅರಳಸುರಳಿ ಕಡೆಯ ಗದ್ದೆಯಲ್ಲಿ ನಿಂತ ನನ್ನ ಟಿಲ್ಲರ್ ಸೀನುತ್ತದೆ ಎಂಬುದು ಚೆನ್ನಾಗಿ ಗೊತ್ತು. ಎಣ್ಣೆ ದೇಶಗಳೆಲ್ಲ ಸೇರಿ, ಇನ್ನು ಇಷ್ಟೇ ತೆಗೆಯೋಣ ಎಂದು ಕೈ ಕುಲುಕಿದರೆ ಲೋಕದಲ್ಲೆಲ್ಲ ರೇಟು ಏರುತ್ತದೆ. ಜಾಸ್ತಿ ತೆಗೆದರೆ ಇಳಿಯಬೇಕು. ಇಳಿಯುತ್ತದಂತೆ ಕೂಡ. ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಆ ಇಳಿದದ್ದನ್ನು ದಾರಿಯಲ್ಲಿ ಯಾರೋ ಇಳಿಸಿಕೊಂಡಿರುತ್ತಾರೆ.

ಒಂದು ದಿನ ಚಾದಂಗಡಿಯ ಟಿವಿಯಲ್ಲಿ ಇದೇ ಸುದ್ದಿ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಮಂಜಪ್ಪನಿಗೆ ಹೇಳಿದೆ. ಅವನಿಗೂ ನನ್ನ ಹಾಗೆ ಬಾಡಿಗೆಗೆ ಗದ್ದೆ ಹೂಟಿ ಮಾಡುವ ಟಿಲ್ಲರ್ ಇದೆ.

"ನೋಡು ಮಾರಾಯ, ಅವ್ರು ಕೆಲ್ಸ ಕಮ್ಮಿ ಮಾಡಿ ದುಡ್ಡು ಜಾಸ್ತಿ ತಗೊಳ್ತಾರೆ. ನಾವು ಕತ್ತಲಾಗೋವರ್ಗೂ ಕೆಸರಲ್ಲಿ ಹೊರಳಾಡಿ, ಕಡೀಗೆ ಚೌಕಾಸಿನೂ ಕೇಳ್ಬೇಕು."

"ಹಂಗಾರೆ ನಾವೂ ಒಂದು ಕೂಟ ಕಟ್ಟಾಣ," ಅಂದ ಮಂಜಪ್ಪ. "ನೀನೇ ಅಧ್ಯಕ್ಷ ಆಗು. ಬೇಕಾರೆ ಆ ಬಿಳೀ ನಿಲುವಂಗಿ ನಾನೇ ಹೊಲಿಸ್ಕೊಡ್ತೀನಿ."

ಅವನು ತಮಾಷೆಗೆ ಹೇಳಿದ್ದು. ನಾನು ಅಧ್ಯಕ್ಷನಾಗಿಯೇಬಿಟ್ಟೆ. ನಾನು, ಮಂಜಪ್ಪ, ಊರಿನ ಮೂರನೇ ಟಿಲ್ಲರಿನ ಧರ್ಮಣ್ಣ ಮೂವರು ಸೇರಿದೆವು. ಎಣ್ಣೆಯ ಒಕ್ಕೂಟದವರು ಹೊರಗಿನ ರಷ್ಯಾವನ್ನು ಜೊತೆಗೆ ಎಳೆದುಕೊಂಡ ಹಾಗೆ ನಾವೂ ಹೊಳೆಯಾಚೆಯ ಯೋಗೀಶನನ್ನು ಎಳೆದುಕೊಂಡೆವು. ನಿಯಮ ಒಂದೇ: ಮಧ್ಯಾಹ್ನದ ಊಟದ ಮೇಲೆ ಯಾರೂ ಎಂಜಿನ್ ಎಬ್ಬಿಸುವಂತಿಲ್ಲ. ಕೆಲಸ ಕಡಿಮೆಯಾದರೆ ಗದ್ದೆಯವರು ಪಾಳಿ ಕಾಯುತ್ತಾರೆ, ಪಾಳಿ ಕಾಯುವವರು ಚೌಕಾಸಿ ಮಾಡುವುದಿಲ್ಲ. ತೀರಾ ಏರಿಸುವ ಹಾಗೂ ಇರಲಿಲ್ಲ. ರೇಟು ಹೆಚ್ಚಾದರೆ ಅಮೆರಿಕದವರು ಬಂಡೆ ಒಡೆದಾದರೂ ಎಣ್ಣೆ ತೆಗೆಯುತ್ತಾರಲ್ಲ, ಹಾಗೆ ಹೊಸನಗರದಿಂದ ಯಾರಾದರೂ ಟ್ರ್ಯಾಕ್ಟರ್ ಇಳಿಸಿಬಿಟ್ಟರೆ ಕಷ್ಟ.

ನಿಯಮ ಕಾಯಲು ಪೊಲೀಸರು ಬೇಕಿರಲಿಲ್ಲ, ಕಿವಿ ಸಾಕಿತ್ತು. ಎಣ್ಣೆ ಹಡಗುಗಳಾದರೆ ತಾವೆಲ್ಲಿದ್ದೇವೆಂದು ಹೇಳುವ ಯಂತ್ರ ಆರಿಸಿ ಕದ್ದು ಸಾಗುತ್ತವಂತೆ. ಟಿಲ್ಲರನ್ನು ಕದ್ದು ಓಡಿಸುವುದು ಹೇಗೆ? ಮಂಜಪ್ಪನದು ಕೆಮ್ಮುತ್ತದೆ. ಧರ್ಮಣ್ಣನದು ಹಲ್ಲು ಕಡಿಯುತ್ತದೆ. ಯೋಗೀಶನದು ಹೊಸ ಮದುಮಗನ ಹಾಗೆ ಸುಮ್ಮಸುಮ್ಮನೆ ಕೂಗಾಡುತ್ತದೆ. ನನ್ನದು ಮಾತ್ರ ಗಂಭೀರವಾಗಿ, ತೂಕವಾಗಿ ಮಾತಾಡುತ್ತದೆ. ಊರಿನ ಎಮ್ಮೆಗಳಿಗೂ ಈ ವ್ಯತ್ಯಾಸ ಗೊತ್ತು. ಮೊದಲ ವಾರವೇ ಮಂಜಪ್ಪನ ಕೆಮ್ಮು ಮಧ್ಯಾಹ್ನ ಕೇಳಿಸಿತು. ಚಾದಂಗಡಿಯಲ್ಲಿ ಎಲ್ಲರೆದುರು ಅವನನ್ನು ನಿಲ್ಲಿಸಿ, ಮಾತು ಅಂದರೆ ಏನು, ಮರ್ಯಾದೆ ಅಂದರೆ ಏನು ಎಂದು ಸವಿಸ್ತಾರವಾಗಿ ಹೇಳಿದೆ.

ಕೂಟ ಚೆನ್ನಾಗಿಯೇ ನಡೆಯುತ್ತಿತ್ತು, ನನಗೆ ಹೆಂಡತಿ ಇಲ್ಲದಿದ್ದರೆ.

"ನಮ್ಮಣ್ಣನ ಸಸಿ ನೋಡಿದ್ರಾ? ಹಳದಿ ಹತ್ತಾಕೆ ಶುರುವಾಗದೆ," ಅಂದಳು ಶಾರದೆ, ಊಟಕ್ಕೆ ಬಡಿಸುತ್ತ. "ಪಾಳಿ ಬರೋದು ಮುಂದಿನ ವಾರ ಅಂತೆ. ಅಷ್ಟೊತ್ತಿಗೆ ದನಕ್ಕೆ ಹಾಕ್ಬೇಕಷ್ಟೆ."

"ನಿಯಮ ಅಂದ್ರೆ ನಿಯಮ."

"ಆತು. ನಾಳೆಯಿಂದ ಈ ಮನೇಲೂ ಮಧ್ಯಾಹ್ನದ ಮೇಲೆ ಒಲೆ ಹಚ್ಚಂಗಿಲ್ಲ. ನಂದೂ ಒಂದು ಕೂಟ."

ಹೊರಗಿನ ಒತ್ತಡ ಎಂದು ಟಿವಿಯವರು ಹೇಳುತ್ತಾರಲ್ಲ, ಅದು ಇದೇ. ಭಾವನ ಸಸಿ ಉಳಿಯಬೇಕು. ಆದರೆ ಸಿಕ್ಕಿಬಿದ್ದರೆ ಮಂಜಪ್ಪನೆದುರು ನಾನು ತಲೆ ಎತ್ತುವ ಹಾಗಿಲ್ಲ. ಆಗ ನೆನಪಾದದ್ದು ಶೇಷಣ್ಣನ ಅಕ್ಕಿ ಗಿರಣಿ. ಅದರ ಹಳೇ ಡೀಸೆಲ್ ಎಂಜಿನ್ ಎದ್ದಿತೆಂದರೆ ಊರಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ಕೆಲವು ಮನೆಗಳಲ್ಲಿ ಸಂಸಾರ ಉಳಿದಿರುವುದೇ ಅದರಿಂದ. ಅದು ಓಡುವುದೂ ಮಧ್ಯಾಹ್ನದ ಮೇಲೆಯೇ.

ಮರುದಿನ ಗಿರಣಿ ಶುರುವಾದೊಡನೆ ಭಾವನ ಗದ್ದೆಗೆ ಟಿಲ್ಲರ್ ಇಳಿಸಿದೆ. ಕೆಸರು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಅರ್ಧ ಗದ್ದೆ ಆಗಿರಬೇಕು, ಇದ್ದಕ್ಕಿದ್ದಂತೆ ಗಿರಣಿ ನಿಂತುಹೋಯಿತು. ನನ್ನ ಟಿಲ್ಲರ್ ಒಂದೇ ಊರಿಗೆಲ್ಲ ಭಾಷಣ ಮಾಡುತ್ತಿದೆ ಎಂದುಕೊಂಡು ಎಂಜಿನ್‌ಗೆ ಕೈ ಹಾಕುವಷ್ಟರಲ್ಲಿ ಬಲಗಡೆಯಿಂದ ಒಂದು ಕೆಮ್ಮು ಕೇಳಿಸಿತು. ಮೇಲಿನ ಗದ್ದೆಯಿಂದ ಹಲ್ಲು ಕಡಿತ. ಹೊಳೆಯಾಚೆ ಮದುಮಗನ ಕೂಗಾಟ. ಒಂದು ಕ್ಷಣ ನಾಲ್ಕೂ ಜೊತೆಗೆ ಹಾಡಿ, ನಾಲ್ಕೂ ಜೊತೆಗೇ ಬಾಯಿ ಮುಚ್ಚಿದವು. ಆಮೇಲೆ ಕಪ್ಪೆಗಳದ್ದು ಬಿಟ್ಟರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಗಿರಣಿ ಮತ್ತೆ ಎದ್ದಿತು. ಅಧ್ಯಕ್ಷನಾದ ನಾನು ಒಂದು ಬೀಡಿ ಸೇದುವಷ್ಟು ತಡೆದು, ಉಳಿದ ಮೂವರು ಶುರು ಮಾಡಿರುತ್ತಾರೆಂದು ಧೈರ್ಯ ಬಂದ ಮೇಲೇ ಕೆಲಸ ಮುಗಿಸಿದೆ.

ಸಂಜೆ ಚಾದಂಗಡಿಯಲ್ಲಿ ಸಭೆ. ಗದ್ದೆ ಪಾಳಿ ಕಾಯುತ್ತಿದ್ದ ನಾಲ್ಕಾರು ಜನ ಅಲ್ಲೇ ಕೂತಿದ್ದರು.

"ಎಲ್ರೂ ನಿಯಮ ಪಾಲಿಸ್ತಿದೀರಲ್ಲ?" ಎಂದೆ.

"ನಿನ್ನಷ್ಟೇ ಪಾಲಿಸ್ತಿದೀವಪ್ಪ," ಅಂದ ಮಂಜಪ್ಪ.

ಒಮ್ಮತದಿಂದ ನಿಯಮ ಮುಂದುವರಿಯಿತು. ಎಣ್ಣೆ ಮಂತ್ರಿಗಳು ಸಾಲಾಗಿ ನಿಂತು ಯಾಕಷ್ಟು ನಗುತ್ತ ಫೋಟೋ ತೆಗೆಸಿಕೊಳ್ಳುತ್ತಾರೆಂದು ನನಗೆ ಅವತ್ತು ತಿಳಿಯಿತು. ಅಷ್ಟರಲ್ಲಿ ಶೇಷಣ್ಣ ಬಂದು ಬೆಂಚಿನ ತುದಿಗೆ ಕೂತ.

"ಎಂತಾತು ಶೇಷಣ್ಣ, ಬೆಲ್ಟ್ ಹರೀತಾ?" ಧರ್ಮಣ್ಣ ಕೇಳಿದ.

"ಬೆಲ್ಟ್ ಚೆನ್ನಾಗೇ ಐತೆ. ನಾನೇ ನಿಲ್ಸಿದ್ದೆ, ಸುಮ್ನೆ ಊರಿನ ಸದ್ದು ಕೇಳಾಣ ಅಂತ." ಅವನು ಚಾ ಊದಿಕೊಂಡ. "ನಂದೂ ಗದ್ದೆ ಹೂಟಿ ಆಗ್ಬೇಕಿತ್ತು. ಪಾಳಿಗೆ ಕಾಯಾಕೆ ಬೇಜಾರು. ಅದ್ಕೇ ಒಂದು ವಾರ ಮಿಲ್ ಮುಚ್ಚಿಬಿಡಾಣ ಅಂತ."

ನಾಲ್ವರೂ ಒಟ್ಟಿಗೆ ಲೋಟ ಕೆಳಗಿಟ್ಟೆವು. ಎಣ್ಣೆ ಯಾರದ್ದೇ ಇರಲಿ, ಕೂಟ ಎಷ್ಟೇ ದೊಡ್ಡದಿರಲಿ, ಹಡಗುಗಳೆಲ್ಲ ಹಾರ್ಮುಜ್ ಎಂಬ ಇಕ್ಕಟ್ಟಿನ ನೀರಿನಲ್ಲೇ ದಾಟಬೇಕಂತೆ. ಅದರ ದಡದಲ್ಲಿ ಕೂತವನು ಕೆಮ್ಮಿದರೆ ಲೋಕವೇ ನಡುಗುತ್ತದಂತೆ. ಭೂಪಟದಲ್ಲಿ ಅದು ಎಲ್ಲಿದೆಯೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಅದು ಬೆಂಚಿನ ತುದಿಗೆ ಕೂತು ಚಾ ಕುಡಿಯುತ್ತಿತ್ತು.

ಮರುದಿನ ಮಧ್ಯಾಹ್ನ, ಅವನ ಗದ್ದೆ ಹೂಡುವುದು ಅಧ್ಯಕ್ಷನ ಜವಾಬ್ದಾರಿ ಎಂದು ಮೂವರೂ ನನ್ನನ್ನೇ ಮುಂದೆ ದೂಡಿದರು. ಶೇಷಣ್ಣನ ಗದ್ದೆ ಗಿರಣಿಯ ಹಿಂದೆಯೇ ಇದೆ. ನಾನು ಇಳಿದೆ. ಹೂಟಿ ಸರಿಯಾಗಿ ಆಗುತ್ತಿದೆಯೋ ಇಲ್ಲವೋ ನೋಡಬೇಕೆಂದು ಅವನು ಗಿರಣಿ ನಿಲ್ಲಿಸಿ ಬದುವಿನ ಮೇಲೆ ಬಂದು ಕೂತ. ನನ್ನ ಟಿಲ್ಲರ್ ಗಂಭೀರವಾಗಿ, ತೂಕವಾಗಿ ಮಾತಾಡುವುದನ್ನು ಸಂಜೆಯವರೆಗೂ ಇಡೀ ಊರು ಕೇಳಿತು.