ಕೋಟಿಗೆ ಚುಚ್ಚಿದ ಗುಣವಾಚಕ

ಆ ಮನೆಗೆ ಇಂಗ್ಲಿಷಿನ ಕಾಟ ಹಿಡಿದದ್ದು ಮಗಳ ಕಾಲೇಜು ಪ್ರವೇಶ ಪರೀಕ್ಷೆಯಿಂದ. ಮುಂದೆ ಟೈಲರ್ ಅಂಗಡಿ, ಹಿಂದೆ ಸಂಸಾರ, ನಡುವೆ ಒಂದು ಪರದೆ. ಈಚೆ ಅಪ್ಪ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ, ಆಚೆ ಮಗಳು ದಪ್ಪ ಪುಸ್ತಕ ಹಿಡಿದು ಕಠಿಣಾತಿಕಠಿಣ ಗುಣವಾಚಕಗಳನ್ನು ಉರು ಹೊಡೆಯುತ್ತಿದ್ದಳು. ಬೆಳಿಗ್ಗೆ ಬಾಯಿಗೆ ಬಂದದ್ದು ಮಧ್ಯಾಹ್ನ ಊಟದ ಜೊತೆ ಹೊಟ್ಟೆಗೆ ಇಳಿದುಹೋಗುತ್ತಿತ್ತು. ಈ ಸೀಟು ಕೈತಪ್ಪಿದರೆ ಒಂದು ವರ್ಷ ಮನೆಯಲ್ಲೇ ಕೂತು ಗುಂಡಿ ಹೊಲಿಯಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಟೈಲರಿಗೋ, ಕಿವಿಗೆ ಬಿದ್ದದ್ದನ್ನು ಅಷ್ಟಕ್ಕೇ ಬಿಟ್ಟು ಗೊತ್ತಿಲ್ಲ.

"ಗ್ಯಾರುಲಸ್ ಅಂದ್ರೆ ಏನೇ?"

"ವಾಚಾಳಿ ಅಪ್ಪ. ಬಾಯಿ ಮುಚ್ಚದೆ ಮಾತಾಡೋರು."

"ಅಯ್ಯೋ, ನಮ್ಮ ಹಲ್ಲಿನ ಡಾಕ್ಟ್ರು!" (ಆ ಡಾಕ್ಟರ ಎದುರು ಬಾಯಿ ತೆರೆದುಕೊಂಡಿರುವವರು ರೋಗಿಗಳು, ಮಾತು ಮಾತ್ರ ಡಾಕ್ಟರದು.)

ಅಲ್ಲಿಗೆ ಟೈಲರ ತಲೆಯಲ್ಲಿ ದೀಪ ಹೊತ್ತಿತು. ಹೊಲಿದ ಪ್ರತಿ ಬಟ್ಟೆಗೂ ಒಂದು ಚೂರು ಬಟ್ಟೆಯ ಚೀಟಿ ಚುಚ್ಚುವುದು ಆ ಅಂಗಡಿಯ ಪದ್ಧತಿ. ಅದರಲ್ಲಿ ಗಿರಾಕಿಯ ಹೆಸರಿರುತ್ತಿರಲಿಲ್ಲ. 'ಬಲಗೈ ಉದ್ದ', 'ಎಡಭುಜ ಇಳಿಜಾರು' ಎಂದು ಅಂಗಲಕ್ಷಣವಿರುತ್ತಿತ್ತು. ಇನ್ನು ಮೇಲೆ ಅಂಗದ ಬದಲು ಗುಣ, ಅದೂ ಇಂಗ್ಲಿಷಿನಲ್ಲಿ, ಬರೆಯುವುದು ಮಗಳು, ಎಂದು ಅಪ್ಪಣೆಯಾಯಿತು.

"ರೀ, ಗಿರಾಕಿಗಳು ಓದಿಬಿಟ್ರೆ?" ಎಂದರು ಹೆಂಡತಿ.

"ಇಸ್ತ್ರಿ ಮಾಡುವಾಗ ನೀನೇ ಕಿತ್ತು ಹಾಕ್ತೀಯಲ್ಲ!"

ಹಲ್ಲಿನ ಡಾಕ್ಟರ ಬೂದು ಕೋಟಿಗೆ 'ಗ್ಯಾರುಲಸ್' ಏರಿತು. ಮದುವೆಯಾದಾಗಿನ ಸೊಂಟವೇ ಈಗಲೂ ಇದೆ ಎಂದು ಹಟ ಹಿಡಿಯುವ ವಕೀಲರ ಕಪ್ಪು ಕೋಟಿಗೆ 'ಆಬ್ಸ್ಟಿನೇಟ್' ಸಂದಿತು. ಮಗಳು ಗೂಟದಲ್ಲಿ ತೂಗುವ ಬಟ್ಟೆ ನೋಡುತ್ತ ಪದಗಳನ್ನು ಗಟ್ಟಿ ಮಾಡಿಕೊಂಡಳು. ತಮ್ಮ ಬುದ್ಧಿಗೆ ತಾವೇ ತಲೆದೂಗಿದ ಟೈಲರು, ಪರೀಕ್ಷೆಯ ದಿನ ಹಾಕಿಕೊಳ್ಳಲು ತಮಗೂ ಒಂದು ಕೋಟು ಹೊಲಿದು ತೂಗುಹಾಕಿದರು.

ಮಾರನೆಯ ಬೆಳಿಗ್ಗೆ ನೋಡಿದರೆ ಅದಕ್ಕೂ ಒಂದು ಚೀಟಿ! 'ಇನ್‌ಕ್ವಿಸಿಟಿವ್'.

"ಏನೇ ಇದು?"

"ಹೇಳಲ್ಲ ಅಪ್ಪ," ಎಂದು ಮಗಳು ನಕ್ಕು ಪರದೆಯಾಚೆ ಹೋದಳು.

ಪುಸ್ತಕ ತೆರೆದರೆ ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ; ಆ ಅರ್ಥಕ್ಕೇ ಇನ್ನೊಂದು ಅರ್ಥ ಬೇಕಿತ್ತು. ಅಂಚೆಯವನನ್ನು ಕೇಳಿದರು. "ಅಳತೆ ತೆಗೆದು ಹೊಲಿದ ಹಾಗಿದೆ ನಿಮಗೆ," ಎಂದು ಅವನು ಸೈಕಲ್ ಹತ್ತಿದ. "ಹೊಗಳಿಕೆಯೂ ಆಗಬಹುದು, ಆಗದೆಯೂ ಇರಬಹುದು," ಎಂದರು ವಕೀಲರು. ಹಲ್ಲಿನ ಡಾಕ್ಟರು ಅರ್ಥ ಹೇಳುತ್ತೇನೆಂದು ಕೂತು, ತಮ್ಮ ಬಾಲ್ಯದಿಂದ ಶುರುಮಾಡಿ, ಅರ್ಥಕ್ಕೆ ಬರುವ ಮೊದಲೇ ಎದ್ದುಹೋದರು. ಕುತೂಹಲ ತಡೆಯಲಾಗದ ಟೈಲರು ವಕೀಲರ ಇನ್ನೊಂದು ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದು ಕೂತರು. ಹೆಂಡತಿ ಇಸ್ತ್ರಿಗೆ ಗಂಡನ ಕೋಟು ಎತ್ತಿಕೊಂಡರೆ, "ಅರ್ಥ ಗೊತ್ತಾಗೋವರೆಗೂ ಆ ಚೀಟಿ ಮುಟ್ಟಿದ್ರೆ ನೋಡು!" ಎಂದು ಗುಡುಗಿದರು.

ಹೀಗಾಗಿ ಪರೀಕ್ಷೆಯ ದಿನ ಕೋಟಿನ ಜೊತೆ ಚೀಟಿಯೂ ಕಾಲೇಜಿಗೆ ಹೋಯಿತು.

ಅದು ಮೌಖಿಕ ಪರೀಕ್ಷೆ. ಹೆತ್ತವರು ಹಿಂದಿನ ಬೆಂಚಿನಲ್ಲಿ ಕೂರಬಹುದಿತ್ತು. ಪ್ರಾಧ್ಯಾಪಕಿ ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಗ್ಯಾರುಲಸ್?"

"ಬೂದು ಕೋಟು, ಮೇಡಂ."

"ಏನು? ಸರಿ, ಆಬ್ಸ್ಟಿನೇಟ್?"

"ಕಪ್ಪು ಕೋಟು. ಸೊಂಟ ಬಿಗಿ."

ಹುಡುಗಿಯ ಕಣ್ಣು ತುಂಬಿತು. ತಲೆಯೊಳಗೆ ಗೂಟ ಇತ್ತು, ಬಟ್ಟೆ ಇತ್ತು, ಅರ್ಥ ಮಾತ್ರ ನಾಪತ್ತೆ. ತಮ್ಮ ಬುದ್ಧಿವಂತಿಕೆಯೇ ಮಗಳ ಸೀಟಿಗೆ ಕತ್ತರಿ ಹಾಕಿತಲ್ಲ ಎಂದು ಟೈಲರಿಗೆ ನಿಜಕ್ಕೂ ಅಳು ಬಂತು.

"ತಪ್ಪು ನಂದು ಮೇಡಂ!" ಎಂದು ಎದ್ದು ನಿಂತು ಚೀಟಿಯ ಪುರಾಣವನ್ನೆಲ್ಲ ಒಪ್ಪಿಸಿದರು. ಪ್ರಾಧ್ಯಾಪಕಿಯ ಕಣ್ಣು ಅವರ ಕೋಟಿನ ಮೇಲೆ ನಿಂತಿತು.

"ಇದೂ ಇವಳೇ ಬರೆದದ್ದಾ?"

"ಹೌದು. ಅರ್ಥ ನಿಮಗೆ ಗೊತ್ತಾ ಮೇಡಂ? ಅಂಚೆಯವನು ಹೇಳ್ಲಿಲ್ಲ, ವಕೀಲರು ಹೇಳ್ಲಿಲ್ಲ... ಅಲ್ಲಾ, ನಿಮ್ಮ ಕೋಟು ಎಲ್ಲಿ ಹೊಲಿಸಿದ್ದು? ಭುಜ ಯಾಕೆ ಹಾಗೆ ಎಳೀತಿದೆ? ಆ ಕಪಾಟಲ್ಲಿ ಏನಿದೆ?"

ಪ್ರಾಧ್ಯಾಪಕಿ ನಗು ತಡೆದು ಹುಡುಗಿಯತ್ತ ತಿರುಗಿದರು. "ಇನ್‌ಕ್ವಿಸಿಟಿವ್. ಕೋಟು ನೋಡ್ಬೇಡಮ್ಮ. ಕೋಟಿನ ಒಳಗಿರೋರನ್ನ ನೋಡಿ ಹೇಳು."

ಮಗಳು ಅಪ್ಪನನ್ನು ನೋಡಿದಳು. ಕಣ್ಣೊರೆಸಿಕೊಂಡಳು. "ಏನು ಕಂಡರೂ ಏನು, ಯಾಕೆ, ಎಲ್ಲಿಂದ ಅಂತ ಕೇಳದೆ ಇರಲಾರದವರು ಮೇಡಂ. ಉತ್ತರ ಸಿಗೋವರೆಗೂ ಅವರಿಗೆ ಊಟ ಸೇರಲ್ಲ."

ಆಮೇಲೆ ಬೂದು ಕೋಟಿನೊಳಗಿಂದ ಡಾಕ್ಟರು ಬಂದರು, ಕಪ್ಪು ಕೋಟಿನೊಳಗಿಂದ ವಕೀಲರು ಬಂದರು. ಒಂದೊಂದೇ ಪದಕ್ಕೆ ಮುಖ ಬಂತು, ಮುಖದ ಹಿಂದೆಯೇ ಅರ್ಥವೂ ಬಂತು.

ಮನೆ ಬಾಗಿಲಲ್ಲೇ ಕಾದಿದ್ದ ಹೆಂಡತಿ, "ಏನಾಯ್ತ್ರೀ?" ಎಂದರು.

"ಆ ಮೇಡಂ ಕೋಟು ಹೊಲಿಸಿದ್ದಲ್ಲ, ಅಂಗಡಿಯಲ್ಲಿ ಸಿದ್ಧ ಇದ್ದದ್ದಂತೆ! ಕಪಾಟಲ್ಲಿ ಬರೀ ಸೀಮೆಸುಣ್ಣ. ಗೇಟಿನ ಕಾವಲುಗಾರ ಮೊದಲು ಬೇಕರಿಯಲ್ಲಿ..."

"ಸೀಟು ಸಿಕ್ತಾ ಅಂತ ಕೇಳಿದ್ದು!"

ಟೈಲರು ಮಗಳ ಮುಖ ನೋಡಿದರು. ಅದೊಂದನ್ನು ಕೇಳುವುದೇ ಮರೆತುಹೋಗಿತ್ತು.

"ಸಿಕ್ತಮ್ಮ," ಎಂದಳು ಮಗಳು. "ಮೇಡಂ ಹೇಳುವಾಗ ಅಪ್ಪ ಕಪಾಟಿನ ಹತ್ರ ಇದ್ರು."

ಹೆಂಡತಿ ಮಗಳನ್ನು ಬಾಚಿ ತಬ್ಬಿಕೊಂಡರು. "ಇಂಥ ಗಂಡಸಿಗೂ ಒಂದು ಪದ ಇರಬೇಕಲ್ಲೇ?"

"ಇದೆಯಮ್ಮ," ಎಂದು ಮಗಳು ಅಮ್ಮನ ಕಿವಿಯಲ್ಲಿ ಏನೋ ಉಸುರಿದಳು. ಇಬ್ಬರೂ ಬಿದ್ದು ಬಿದ್ದು ನಗುತ್ತ ಒಳಗೆ ಹೋದರು.

ಟೈಲರು ಕೋಟು ಬಿಚ್ಚುವುದನ್ನೂ ಮರೆತು ಪರದೆಗೆ ಕಿವಿ ಆನಿಸಿದರು.

"ಏ... ಯಾವ ಪದವೇ ಅದು?"